ಡೊಂಬಿವಲಿ ಪೂರ್ವದ ನರ್ಸರಿ: ಸಲಹೆಗೆ ಹೋಗಿ, ಕೋಕೋಪೀಟಿಗೆ ಬೇಡ

ಟೊಮೆಟೊ ಸಸಿ ಕೇಳಿದೆ. ಮಾಲೀಕರು, "ಆ ಕುಂಡದಲ್ಲಿ ಹೋದ ಸಲ ಏನಿತ್ತು?" ಅಂದರು. ಬದನೆ ಅಂದೆ. ಸಸಿ ಕೊಡಲೇ ಇಲ್ಲ! ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಕುಟುಂಬ. ಒಂದರ ರೋಗ ಇನ್ನೊಂದಕ್ಕೆ ಮಣ್ಣಲ್ಲೇ ಕಾದಿರುತ್ತದೆ ಅಲ್ವಾ?

ಬದಲಿಗೆ ಅಲಸಂದೆ ಬೀಜ ಕೊಟ್ಟರು. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರವಾಗಿಸುತ್ತವೆ. ಕಾಯಿ ಮುಗಿದ ಮೇಲೆ ಗಿಡ ಕೀಳದೆ ಬುಡದಲ್ಲಿ ಕತ್ತರಿಸಿ, ಬೇರನ್ನು ಮಣ್ಣಲ್ಲೇ ಬಿಡಬೇಕಂತೆ. ಬೇರುಗಂಟು ಹುಳುವಿನ (ಬೇರಿಗೆ ಕೆಟ್ಟ ಗಂಟು ಬರಿಸುವ ಸೂಕ್ಷ್ಮ ಹುಳು) ಕಾಟಕ್ಕೆ ಚೆಂಡುಹೂ ಹೇಳಿದರು. ಆದರೆ ಮೂಲೆಗೊಂದು ಗಿಡ ಸುಮ್ನೆ ಅಂದಕ್ಕಷ್ಟೇ, ಕುಂಡ ತುಂಬ ಹಾಕಬೇಕು.

ಕೋಕೋಪೀಟ್ (ಕುಂಡಕ್ಕೆ ಹಾಕುವ ತೆಂಗಿನ ನಾರಿನ ಪುಡಿ) ಇಲ್ಲಿ ದುಬಾರಿ. ಮಳೆಗಾಲದಲ್ಲಿ ಕೊಳೆತ ಸಸಿಗಳೂ ಜಾಸ್ತಿ, ಬುಡ ನೋಡಿ ಆರಿಸಿ. ಮರಾಠಿ ಬಾರದಿದ್ದರೂ ನಡೆಯುತ್ತದೆ, ಮಾಲೀಕರು ಬೆಳಗಾವಿ ಕಡೆಯವರು.