ಇಲಿಗಳ ಒಡನಾಟ ನೋಡಲು ಯಾವ ಇಮೇಜಿಂಗ್ ಒಳ್ಳೆಯದು?

ಎರಡು ಇಲಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬಿಟ್ಟರೆ ಮೊದಲು ಮೂತಿ ಮೂಸುತ್ತವೆ, ಆಮೇಲೆ ಬಾಲದ ಬುಡ. ಒಂದು ಅಟ್ಟಿಸಿಕೊಂಡು ಹೋಗುತ್ತದೆ, ಇನ್ನೊಂದು ಓಡುತ್ತದೆ. ಎಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಮಿದುಳಿನಲ್ಲಿ ಏನಾಗುತ್ತದೆ ಅನ್ನೋದನ್ನು ಹಿಡಿಯಲು ನಾನು ಫಂಕ್ಷನಲ್ ಎಂಆರ್‌ಐ, ಟೂ-ಫೋಟಾನ್, ಫೈಬರ್ ಫೋಟೊಮೆಟ್ರಿ, ಮಿನಿಸ್ಕೋಪ್ ನಾಲ್ಕನ್ನೂ ಬಳಸಿದ್ದೇನೆ. ಇಲಿಯನ್ನು ಇಲಿಯಾಗಿ ಇರಲು ಬಿಡುವ ವಿಧಾನವೇ ನನಗೆ ಮುಖ್ಯ.

ಎಂಆರ್‌ಐಯಲ್ಲಿ ಇಡೀ ಮಿದುಳು ಒಟ್ಟಿಗೆ ಕಾಣುತ್ತದೆ, ತಲೆಬುರುಡೆ ಕೊರೆದು ಒಳಗೆ ಏನೂ ಇಳಿಸಬೇಕಿಲ್ಲ. ಆದರೆ ಇಲಿ ಅಲುಗಾಡುವಂತಿಲ್ಲ. ಅರಿವಳಿಕೆ ಕೊಡಬೇಕು, ಇಲ್ಲವೇ ತಲೆ ಬಿಗಿದು ಯಂತ್ರದ ಸದ್ದಿಗೆ ಒಗ್ಗಿಸಬೇಕು. ಮೇಲಾಗಿ ಅದು ಅಳೆಯುವುದು ರಕ್ತದ ಆಮ್ಲಜನಕದ ಏರಿಳಿತವನ್ನು. ನರಕೋಶ ಕೆಲಸ ಮಾಡಿ ಕೆಲವು ಸೆಕೆಂಡು ಕಳೆದ ಮೇಲೆ ಆ ಅಲೆ ಬರುತ್ತದೆ. ಎರಡು ತಳಿಗಳ ಮಿದುಳಿನ ಜೋಡಣೆ ಹೋಲಿಸಲು ಚೆನ್ನಾಗಿದೆ, ಭೇಟಿಯ ಕ್ಷಣಕ್ಕೆ ಅಲ್ಲ. ಟೂ-ಫೋಟಾನ್ ಅಂದರೆ ಲೇಸರ್ ಬೆಳಕಲ್ಲಿ ಮಿದುಳಿನ ಕೋಶಗಳನ್ನು ತೋರಿಸುವ ಸೂಕ್ಷ್ಮದರ್ಶಕ. ಮೇಜಿನ ಮೇಲೆ ಇಡುವ ಅದರ ಚಿತ್ರ ತುಂಬಾ ಸ್ಪಷ್ಟ. ಅಲ್ಲೂ ತಲೆ ಬಿಗಿದೇ ಇರುತ್ತದೆ.

ಫೈಬರ್ ಫೋಟೊಮೆಟ್ರಿಯಲ್ಲಿ ತೆಳ್ಳನೆಯ ಒಂದು ಬೆಳಕಿನ ಎಳೆ ಮಾತ್ರ ಮಿದುಳಿಗೆ ಇಳಿಯುತ್ತದೆ. ನರಕೋಶ ಚುರುಕಾದಾಗ ಅದರೊಳಗೆ ಕ್ಯಾಲ್ಸಿಯಂ ಏರುತ್ತದೆ, ಮೊದಲೇ ಸೇರಿಸಿದ ಹೊಳೆಯುವ ಪ್ರೋಟೀನ್ ಆಗ ಹೆಚ್ಚು ಹೊಳೆಯುತ್ತದೆ. ಆ ಹೊಳಪನ್ನೇ ಈ ಎಳೆಯಿಂದ ಅಳೆಯುವುದು. ತಲೆಯ ಮೇಲೆ ಭಾರವಿಲ್ಲ, ಇಲಿ ಆರಾಮಾಗಿ ಓಡಾಡುತ್ತದೆ. 2014ರಲ್ಲಿ ಸ್ಟ್ಯಾನ್‌ಫರ್ಡ್ ತಂಡ ಇದೇ ದಾರಿಯಲ್ಲಿ, ಇಲಿ ಇನ್ನೊಂದು ಇಲಿಯ ಹತ್ತಿರ ಹೋಗುವಾಗ ಡೋಪಮಿನ್ ಹಾದಿ (ಖುಷಿ, ಪ್ರತಿಫಲಕ್ಕೆ ಸಂಬಂಧಿಸಿದ ನರಗಳ ಜಾಡು) ಚುರುಕಾಗುವುದನ್ನು ತೋರಿಸಿತು. ಸುಮಾರು 405 ನ್ಯಾನೋಮೀಟರ್ ಬೆಳಕಿನಲ್ಲೂ ಅಳೆಯಿರಿ. ಆ ಬೆಳಕಲ್ಲಿ ಕ್ಯಾಲ್ಸಿಯಂ ಬದಲಾದರೂ ಹೊಳಪು ಅಷ್ಟಾಗಿ ಬದಲಾಗಲ್ಲ. ಹಾಗಾಗಿ ಬರೀ ಅಲುಗಾಟದಿಂದ ಬಂದ ಏರಿಳಿತ ಯಾವುದೆಂದು ತಿಳಿಯುತ್ತದೆ. ಕೊರತೆ ಒಂದೇ, ಆದರೆ ದೊಡ್ಡದು: ಜಾತ್ರೆಯ ಗದ್ದಲ ದೂರದಿಂದ ಕೇಳಿದ ಹಾಗೆ, ಜೋರಾಯಿತು ಎಂದು ಗೊತ್ತಾಗುತ್ತದೆ, ಕೂಗಿದ್ದು ಯಾರೆಂದು ಗೊತ್ತಾಗಲ್ಲ.

ಅದು ಗೊತ್ತಾಗಬೇಕೆಂದರೆ ಮಿನಿಸ್ಕೋಪ್, ಅಂದರೆ ಇಲಿಯ ತಲೆಯ ಮೇಲೆಯೇ ಕೂರುವ ಪುಟ್ಟ ಸೂಕ್ಷ್ಮದರ್ಶಕ, ಬೇಕು. 2011ರಲ್ಲಿ ಬಂದ ಮಾದರಿಯೇ 2 ಗ್ರಾಂಗಿಂತ ಹಗುರ. ಆದರೆ ಇಲಿಯ ತೂಕವೇ ಸುಮಾರು 25 ಗ್ರಾಂ, ಅಲ್ವಾ? ಹೊರೆ ಇದ್ದೇ ಇದೆ. ಆಳದ ಭಾಗ ನೋಡಲು ಮಿದುಳಿಗೆ ಲೆನ್ಸ್ ಇಳಿಸುವಾಗ ಮೇಲಿನ ಅಂಗಾಂಶಕ್ಕೆ ಪೆಟ್ಟಾಗುತ್ತದೆ. ಚಿತ್ರದ ಹಿನ್ನೆಲೆ ಮಂಜುಮಂಜು. ಎದುರಿನ ಇಲಿ ಕೇಬಲ್ ಕಚ್ಚುತ್ತದೆ. ಇಷ್ಟೆಲ್ಲ ಇದ್ದರೂ ನನ್ನ ಆಯ್ಕೆ ಇದೇ, ಯಾಕೆಂದರೆ ಒಂದೊಂದು ಕೋಶವೂ ಬೇರೆಯಾಗಿ ಕಾಣುತ್ತದೆ. 2017ರಲ್ಲಿ ಕ್ಯಾಲ್ಟೆಕ್ ತಂಡ ಗಂಡಿಲಿಗಳ ಹೈಪೊಥಲಾಮಸ್ (ಮಿದುಳಿನ ಬುಡದ ಒಂದು ಭಾಗ) ಹೀಗೆ ನೋಡಿತು. ಅನುಭವವಿಲ್ಲದ ಇಲಿಯಲ್ಲಿ ಗಂಡಿಗೂ ಹೆಣ್ಣಿಗೂ ಸ್ಪಂದಿಸುವ ಕೋಶಗಳು ಬಹಳಷ್ಟು ಬೆರೆತೇ ಇದ್ದವು. ಒಡನಾಟ ಆದ ಮೇಲೆ ಬೇರೆ ಬೇರೆ ಗುಂಪುಗಳಾದವು. ಎಲ್ಲವನ್ನೂ ಕೂಡಿಸಿ ಕೊಡುವ ಫೋಟೊಮೆಟ್ರಿಯಲ್ಲಿ ಇದು ಕಾಣುತ್ತಲೇ ಇರಲಿಲ್ಲ! 2019ರಲ್ಲಿ ಎರಡು ಇಲಿಗಳ ತಲೆಗೂ ಮಿನಿಸ್ಕೋಪ್ ಹಾಕಿ, ಒಡನಾಡುವಾಗ ಎರಡೂ ಮಿದುಳುಗಳ ಚಟುವಟಿಕೆ ಜೊತೆಜೊತೆಯಾಗಿ ಏರಿಳಿಯುವುದನ್ನೂ ನೋಡಿದರು.

ಹೊಸದಾಗಿ ಶುರು ಮಾಡುವವರು ಫೋಟೊಮೆಟ್ರಿಯಿಂದಲೇ ಹೊರಡಿ. ಯಾವ ಭಾಗ ಸ್ಪಂದಿಸುತ್ತದೆ ಎಂದು ಖಚಿತವಾದ ಮೇಲೆ ಅಲ್ಲಿಗೆ ಮಿನಿಸ್ಕೋಪ್ ಹಾಕಿ. ಅದಕ್ಕೆ ಮೊದಲು ಅಷ್ಟೇ ತೂಕದ ನಕಲಿ ಸ್ಕೋಪ್ ಕೂರಿಸಿ ಇಲಿಯನ್ನು ಒಗ್ಗಿಸಿ. ವರ್ತನೆಯ ವಿಡಿಯೊಗೂ ಸಿಗ್ನಲ್‌ಗೂ ಒಂದೇ ಗಡಿಯಾರ ಇರಲಿ. ಒಂದು ಸೆಕೆಂಡು ಆಚೀಚೆಯಾದರೂ ಮೂಸಿದ್ದು ಯಾವುದು, ಓಡಿದ್ದು ಯಾವುದು ಎಂದು ಹೇಳಲಾಗದು.