ಮಾಲ್ಟ್ ಸಿರಪ್ಪೋ, ಕಾಳೋ?

ಹುಬ್ಬಳ್ಳಿ-ಧಾರವಾಡದಲ್ಲಿ ಓದಿ ಅಮೆರಿಕ ಸೇರಿದ ನಮ್ಮ ಹುಡುಗರಲ್ಲಿ ಮನೆಯಲ್ಲೇ ಬಿಯರ್ ಮಾಡುವ ಗೀಳು ಹಚ್ಚಿಕೊಂಡವರಿದ್ದಾರೆ. ಊರಿಗೆ ಬಂದಾಗ ಅವರದು ಒಂದೇ ವಾದ: ಮಾಲ್ಟ್ ಸಿರಪ್, ಅಂದರೆ ಮೊಳಕೆ ಬಾರ್ಲಿಯ ಗಟ್ಟಿ ಪಾಕ, ಚಲೋನೋ, ಬಾರ್ಲಿ ಕಾಳು ಚಲೋನೋ?

ಪ್ಯಾಕೆಟ್ ಮಸಾಲೆಯಲ್ಲಿ ಸಾರು ಮುಗಿಸುವವರಿಗೆ ಸಿರಪ್, ಬ್ಯಾಡಗಿ ಮೆಣಸಿನಕಾಯಿ ಹುರಿದು ಕುಟ್ಟುವವರಿಗೆ ಕಾಳು. ಮಾಲ್ಟ್ ಸಿರಪ್ಪನ್ನು ನೀರಿಗೆ ಬೆರೆಸಿ, ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) ಹಾಕಿ ಸುಮಾರು ಒಂದು ತಾಸು ಕುದಿಸಿ, ಆರಿಸಿ ಯೀಸ್ಟ್ ಸೇರಿಸಿದರೆ ಆಯಿತು. ಖರ್ಚು ಜಾಸ್ತಿ, ರುಚಿ ಮೇಲೆ ಹಿಡಿತ ಕಡಿಮೆ. ಕಾಳಿನ ದಾರಿಯಲ್ಲಿ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು 65-68 ಡಿಗ್ರಿ ನೀರಲ್ಲಿ ತಾಸು ಹೊತ್ತು ನೆನೆಸಬೇಕು. ಪಿಷ್ಟ ಸಕ್ಕರೆಯಾಗುವುದು ಅಲ್ಲೇ. ಆ ನೀರನ್ನು ಸೋಸಿಕೊಂಡರೆ ಮುಂದಿನದು ಸಿರಪ್ಪಿನಂತೆಯೇ. ಥರ್ಮಾಮೀಟರ್ ಹಿಡಿದು ಕೂರುವವರಿಗೆ ಇದೇ ಹಬ್ಬ, ದಿನವಂತೂ ಹೋಗುತ್ತದೆ. ಮೊದಲ ಸಲಕ್ಕೆ ನನ್ನ ಮತ ಸಿರಪ್ಪಿಗೆ. ಪಾತ್ರೆ ಶುಚಿ ಮಾಡುವುದರಲ್ಲಿ ಮಾತ್ರ ಎರಡರಲ್ಲೂ ಮೈಗಳ್ಳತನ ನಡೆಯದು.

ಊರಲ್ಲೇ ಮಾಡುತ್ತೇನೆ ಅನ್ನುವವರು ತಡೆಯಿರಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಗೆ ಅವಕಾಶ ಕೊಟ್ಟಿತು, ಮಾರುವಂತಿಲ್ಲ. ಸಾಲದ್ದಕ್ಕೆ, ಏಲ್ ಎಂಬ ಬಗೆಯ ಬಿಯರಿನ ಯೀಸ್ಟಿಗೆ ಹುದುಗಲು ಸಾಮಾನ್ಯವಾಗಿ 18-22 ಡಿಗ್ರಿ ಬೇಕು. ಹುಬ್ಬಳ್ಳಿಯ ಏಪ್ರಿಲ್ ಧಗೆಯಲ್ಲಿ ಅದೆಲ್ಲಿಂದ ಬರಬೇಕು?