ಕ್ರೇಡಲ್‌ಗೆ ದುಡ್ಡು ತಗೊಂಡು ನಾಲ್ಕು ಸ್ಟ್ಯಾಂಡ್ ಮೇಲೆ ದೋಣಿ ನಿಲ್ಲಿಸಿದರು: ಚಳಿಗಾಲಕ್ಕೆ ಯಾರ್ಡ್‌ಗೆ ಕೊಡುವ ಮುಂಚೆ ಓದಿ

ಇಂಗ್ಲೆಂಡಿನ ದಕ್ಷಿಣ ತೀರದ ಸೊಲೆಂಟ್ ಜಲಸಂಧಿ ಸುತ್ತಮುತ್ತ ಹಾಯಿದೋಣಿ ಇಟ್ಟುಕೊಂಡಿರುವವರು, ಅದರಲ್ಲೂ ಈ ಸಲ ಮೊದಲ ಬಾರಿಗೆ ದೋಣಿಯನ್ನು ನೀರಿನಿಂದ ಎತ್ತಿಸುತ್ತಿರುವವರು ದಯವಿಟ್ಟು ಪೂರ್ತಿ ಓದಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಬರಹ ಅಡ್ಡಾದಿಡ್ಡಿ ಹೋದರೆ ಹೊಂದಿಕೊಳ್ಳಿ. ಯಾರ್ಡ್ (ದೋಣಿ ಎತ್ತಿ ನಿಲ್ಲಿಸುವ ಅಂಗಳ) ಹೆಸರು ಹಾಕುವುದಿಲ್ಲ, ವಿಮೆ ವ್ಯವಹಾರ ಇನ್ನೂ ನಡೆಯುತ್ತಿದೆ.

ನಮ್ಮದು 31 ಅಡಿಯ ಹಳೆಯ ದೋಣಿ, ನನಗೂ ಗೆಳೆಯನಿಗೂ ಅರ್ಧರ್ಧ ಪಾಲು. ತೂಕ ನಾಲ್ಕೂವರೆ ಟನ್ ಹತ್ತಿರ. ಫಿನ್ ಕೀಲ್, ಅಂದರೆ ತಳದಿಂದ ರೆಕ್ಕೆಯಂತೆ ಕೆಳಗಿಳಿದ ಒಂದೇ ಒಂದು ಕಿರಿದಾದ ಕೀಲ್. ವೆಸ್ಟರ್ಲಿ ಸೆಂಟಾರ್ ಅನ್ನುವ ದೋಣಿಯ ತರಹ ಎರಡು ಕೀಲ್ ಇದ್ದಿದ್ದರೆ ತನ್ನ ಕಾಲ ಮೇಲೆ ತಾನೇ ನಿಂತಿರುತ್ತಿತ್ತು, ಈ ಗೋಳೇ ಇರುತ್ತಿರಲಿಲ್ಲ. ನಮ್ಮದಕ್ಕೆ ಆಸರೆ ಬೇಕೇ ಬೇಕು.

ಅಕ್ಟೋಬರ್ ಬಂದರೆ ಏನೇನು ಅಂತ ನಿಮಗೆ ಗೊತ್ತೇ ಇದೆ. ಲಿಫ್ಟ್ ಬುಕ್ ಮಾಡು, ತೊಳೆಸು, ನಿಲ್ಲಿಸು, ಏಪ್ರಿಲ್‌ವರೆಗೆ ಬಾಡಿಗೆ ಕಟ್ಟು. ನಮ್ಮ ಕೊಟೇಶನ್‌ನಲ್ಲಿ 'ಸ್ಟೀಲ್ ಕ್ರೇಡಲ್ ಬಾಡಿಗೆ' ಅಂತ ಬೇರೆಯೇ ಸಾಲು ಇತ್ತು. ಕ್ರೇಡಲ್ ಅಂದರೆ ಇಡೀ ದೋಣಿ ಕೂರುವ ತೊಟ್ಟಿಲಿನಂಥ ಚೌಕಟ್ಟು. 'ಕಾಂಕ್ರೀಟ್ ಅಂಗಳ' ಅಂತಲೂ ಇತ್ತು. ದುಡ್ಡೆಲ್ಲಾ ಮುಂಗಡ. ಮಾಸ್ಟ್ (ಹಾಯಿ ಕಂಬ) ಇಳಿಸಿಬಿಡೋಣವೇ ಅಂತ ನಾನೇ ಕೇಳಿದ್ದೆ. "ಬೇಡ, ಸುಮ್ನೆ ಖರ್ಚು, ಕ್ರೇಡಲ್‌ನಲ್ಲಿ ಕೂತಿರುತ್ತಲ್ಲ" ಅಂದವರು ಅವರೇ. ಈ ಮಾತು ನೆನಪಿಟ್ಟುಕೊಳ್ಳಿ.

ಬೆಳಿಗ್ಗೆ ಎತ್ತುತ್ತೇವೆ, ಬನ್ನಿ ಅಂದಿದ್ದರು. ಹೋಗಿ ನೋಡಿದರೆ ಹಿಂದಿನ ಸಂಜೆಯೇ ಹೋಯ್ಸ್ಟ್‌ನಿಂದ (ದೋಣಿ ಎತ್ತುವ ಯಂತ್ರ) ಎತ್ತಿ ಮುಗಿಸಿದ್ದಾರೆ! "ಹೋಯ್ಸ್ಟ್ ಖಾಲಿ ಇತ್ತು ಮೇಟ್, ನಿಮಗೇ ಒಳ್ಳೆಯದಾಯಿತಲ್ಲ." ದೋಣಿ ಎಲ್ಲಿ? ಕಾಂಕ್ರೀಟ್ ಮುಗಿದು ಜಲ್ಲಿ ಶುರುವಾಗುವ ಕಡೆ, ಬೇಲಿ ಪಕ್ಕ. ಕ್ರೇಡಲ್ ಎಲ್ಲಿ? ಇಲ್ಲ. ಬದಿಗೆ ಎರಡರಂತೆ ನಾಲ್ಕು ಸ್ಟ್ಯಾಂಡ್, ಅಂದರೆ ತುದಿಗೆ ಪ್ಯಾಡ್ ಇರುವ ಬಿಡಿ ಬಿಡಿ ಆಸರೆಗಳು. ಅಷ್ಟೇ. ಕಾಲುಗಳ ಕೆಳಗೆ ಪ್ಲೈವುಡ್ ಇಲ್ಲ, ಎಡ ಬಲದ ಸ್ಟ್ಯಾಂಡ್‌ಗಳನ್ನು ಒಂದಕ್ಕೊಂದು ಬಿಗಿಯುವ ಚೈನ್ ಇಲ್ಲ.

ಬಗ್ಗಿ ಕೀಲ್ ಕೆಳಗೆ ನೋಡಿದೆ. ಹಿಂದೆ ಒಂದು ಮರದ ದಿಮ್ಮಿ, ಮುಂದೆ ಒಂದು. ಮುಂದಿನ ದಿಮ್ಮಿಗೂ ಕೀಲ್‌ಗೂ ನಡುವೆ ಬೆಳಕು ಕಾಣುತ್ತಿತ್ತು. ಕೈ ತೂರಿಸಿದೆ. ನಾಲ್ಕು ಬೆರಳು ಸಲೀಸಾಗಿ ಒಳಗೆ ಹೋದವು. ಆ ಕ್ಷಣ ನನಗೆ ಮೂರು ನಾಮ ಬಿದ್ದಿದೆ ಅಂತ ಅರ್ಥವಾಯಿತು. ಮುಂಭಾಗದ ಅಷ್ಟೂ ಭಾರ ಮುಂದಿನ ಎರಡು ಸ್ಟ್ಯಾಂಡ್‌ಗಳ ಮೇಲೆ ಕೂತಿದೆ. ಅಂಗೈ ಅಗಲದ ಎರಡು ಪ್ಯಾಡ್, ಅವುಗಳ ಎದುರು ತೆಳ್ಳನೆಯ ಫೈಬರ್‌ಗ್ಲಾಸ್!

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೋಣಿಯ ಭಾರ ಕೀಲ್ ಮೇಲೆ ಕೂರಬೇಕು. ಸ್ಟ್ಯಾಂಡ್‌ಗಳದ್ದು ಬಾಳೆಗೊನೆಗೆ ಕೊಡುವ ಊರುಗೋಲಿನ ಕೆಲಸ, ವಾಲದಂತೆ ತಡೆದರೆ ಸಾಕು. ಅವುಗಳ ಮೇಲೆ ಭಾರ ಬಿತ್ತೋ, ಹಲ್, ಅಂದರೆ ದೋಣಿಯ ಹೊರಮೈ, ಒಳಗೆ ನೆಗ್ಗುತ್ತದೆ. 26 ಅಡಿ ದಾಟಿದ ದೋಣಿಗೆ ಬದಿಗೆ ಕನಿಷ್ಠ ಮೂರು ಸ್ಟ್ಯಾಂಡ್ ಇರಲಿ ಅನ್ನುತ್ತಾರೆ ಅಮೆರಿಕದ ದೋಣಿ ಮಾಲೀಕರ ಸಂಘ ಬೋಟ್‌ಯುಎಸ್‌ನವರು. ನಮ್ಮದಕ್ಕೆ ಎರಡು. ಅದೂ ಜಲ್ಲಿ ಮೇಲೆ. ಅದೂ ಚೈನ್ ಇಲ್ಲದೆ.

ಆಫೀಸಿಗೆ ಹೋಗಿ ಕೇಳಿದೆ. "ಕ್ರೇಡಲ್ ಎಲ್ಲಾ ಮುಗಿದು ಹೋದವು. ಇದು ಅದಕ್ಕಿಂತ ಒಂದು ಕೈ ಮೇಲು. ಮೂವತ್ತು ವರ್ಷದಿಂದ ಹೀಗೇ ನಿಲ್ಲಿಸುತ್ತಿದ್ದೇವೆ, ಒಂದೂ ಬಿದ್ದಿಲ್ಲ." ದಿಮ್ಮಿ ಮುಟ್ಟಿಯೇ ಇಲ್ಲವಲ್ಲ ಅಂದೆ. "ದೋಣಿ ತಾನಾಗಿ ಕೂರುತ್ತೆ, ಟೈಮ್ ಕೊಡಿ." ಕೊನೆಗೆ, ನಾಳೆ ಇನ್ನೆರಡು ಸ್ಟ್ಯಾಂಡ್ ಹಾಕಿಸಿ ಚೈನ್ ಬಿಗಿಸುತ್ತೇನೆ ಅಂದರು. ಆ ನಾಳೆ ಬರಲೇ ಇಲ್ಲ. ಇಮೇಲ್ ಮಾಡಿದೆ, ಉತ್ತರ ಇಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಸಮೇತ ಕಳಿಸಿದೆ, ಹೆಬ್ಬೆರಳಿನ ಇಮೋಜಿ ಬಂತು. ನಾಲ್ಕೂವರೆ ಟನ್ ದೋಣಿಗೆ ಒಂದು ಹೆಬ್ಬೆರಳು!

ಆಮೇಲೆ ಗಾಳಿ ಬಂತು. ಬೆಳಿಗ್ಗೆ ಹೋದಾಗ ದೋಣಿ ಎಡಕ್ಕೆ ವಾಲಿ ನಿಂತಿತ್ತು. ಪೂರ್ತಿ ಬಿದ್ದಿರಲಿಲ್ಲ, ಅದು ನಮ್ಮ ಪುಣ್ಯ. ಮುಂದಿನ ಎಡಗಡೆ ಸ್ಟ್ಯಾಂಡ್‌ನ ಒಂದು ಕಾಲು ಜಲ್ಲಿಯೊಳಗೆ ಹೂತು ಹೋಗಿತ್ತು. ಪ್ಯಾಡ್ ಇದ್ದ ಜಾಗದಲ್ಲಿ ಹಲ್ ನೆಗ್ಗಿತ್ತು. ಒಳಗೆ ಶೌಚದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಅಲ್ಲಾಡಲಿಲ್ಲ. ಹೇಗೋ ಒದ್ದು ತೆಗೆದರೆ, ಬಲ್ಕ್‌ಹೆಡ್ (ದೋಣಿಯೊಳಗಿನ ಅಡ್ಡಗೋಡೆ) ಹಲ್‌ಗೆ ಅಂಟಿರುವ ಕಡೆ ಉದ್ದಕ್ಕೂ ಬಿರುಕು. ಬಾಗಿಲು ಬಿಗಿಯಾದರೆ ದೋಣಿಯ ಆಕಾರವೇ ತಿರುಚಿದೆ ಅಂತ ಅರ್ಥ, ಮರೆಯಬೇಡಿ.

ಇನ್ನೊಂದು ಚೆಂದ ಕೇಳಿ. ಪಕ್ಕದ ದೋಣಿಯವರು ತಮ್ಮ ಟಾರ್ಪಾಲಿನ ಹಗ್ಗವನ್ನು ನಮ್ಮ ಸ್ಟ್ಯಾಂಡ್‌ಗೆ ಕಟ್ಟಿದ್ದರು! ಗಾಳಿಗೆ ಟಾರ್ಪಾಲು ಪಟಪಟ ಹೊಡೆದುಕೊಂಡಾಗಲೆಲ್ಲ ನಮ್ಮ ಸ್ಟ್ಯಾಂಡನ್ನು ಜಗ್ಗಿದೆ. ಇದನ್ನು ತೋರಿಸಿದರೆ ಯಾರ್ಡ್‌ನವರು, "ಅದು ಅವರ ಟಾರ್ಪಾಲು, ಅವರನ್ನೇ ಕೇಳಿ" ಅಂದರು.

ಉಳಿದ ಉತ್ತರಗಳನ್ನೂ ಕೇಳಿ. "ಗಾಳಿ ವಿಪರೀತ ಇತ್ತು, ನಾವೇನು ಮಾಡೋಣ?" ಅಲ್ಲ ಸ್ವಾಮಿ, 2022ರ ಫೆಬ್ರವರಿ 18ರಂದು ಯೂನಿಸ್ ಬಿರುಗಾಳಿ ಇದೇ ಸೊಲೆಂಟ್ ಬಾಯಲ್ಲಿ, ನೀಡಲ್ಸ್ ಬಂಡೆಗಳ ಹತ್ತಿರ, ಗಂಟೆಗೆ 122 ಮೈಲಿ ಬೀಸಿ ಇಂಗ್ಲೆಂಡಿನ ದಾಖಲೆ ಬರೆದಿದೆ. ಇಲ್ಲಿ ಯಾರ್ಡ್ ನಡೆಸುವವರಿಗೆ ಗಾಳಿ ಹೊಸದಾ? ಆಮೇಲೆ, "ನೀವು ಮಾಸ್ಟ್ ಯಾಕೆ ಇಳಿಸಲಿಲ್ಲ?" ನನಗೆ ಮೈ ಉರಿದು ಹೋಯಿತು. ಇಳಿಸಬೇಡಿ ಅಂದವರು ಯಾರು? ಕ್ರೇಡಲ್ ಬಾಡಿಗೆ ವಾಪಸ್ ಕೊಡಿ ಅಂದರೆ, ಅದು ಕ್ರೇಡಲ್ ಬಾಡಿಗೆ ಅಲ್ಲವಂತೆ, 'ಆಸರೆ ಪ್ಯಾಕೇಜ್' ಅಂತೆ! ಕೊನೆಗೆ ಷರತ್ತಿನ ಕಾಗದ ತೆಗೆದು, "ದೋಣಿ ಮಾಲೀಕರ ಹೊಣೆ" ಅನ್ನುವ ಸಾಲಿಗೆ ಬೆರಳಿಟ್ಟು ಕೈ ತೊಳೆದುಕೊಂಡರು. ಹಾಗೆ ಬರೆದುಕೊಂಡರೆ ಮುಗೀತಾ? ಇಲ್ಲಿನ 2015ರ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಪ್ರಕಾರ ದುಡ್ಡು ತಗೊಂಡು ಮಾಡುವ ಕೆಲಸವನ್ನು ತಕ್ಕ ಎಚ್ಚರದಿಂದ ಮಾಡಬೇಕು. ಒಂದು ಸಾಲು ಬರೆದು ಅದರಿಂದ ನುಣುಚಿಕೊಳ್ಳಲು ಆಗುವುದಿಲ್ಲ. ಇದನ್ನು ಹೇಳಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು.

ಕ್ಲಬ್‌ನಲ್ಲಿ ನಗುತ್ತಾರೆ. ಶಿವಮೊಗ್ಗದಿಂದ ಅಪ್ಪ ಫೋನ್ ಮಾಡಿ, "ಅಲ್ಲೋ, ನೀರಲ್ಲಿ ಏನೂ ಆಗದ ದೋಣಿ ನೆಲದ ಮೇಲೆ ಹೇಗೋ ಒಡೀತು?" ಅಂದರು. ಏನು ಹೇಳಲಿ?

ನಿಮಗೆ ಇಷ್ಟು ಹೇಳುತ್ತೇನೆ. ಹೋಯ್ಸ್ಟ್‌ನ ಪಟ್ಟಿ ಬಿಚ್ಚುವಾಗ ಅಲ್ಲೇ ನಿಂತಿರಿ. ನೀವಿಲ್ಲದೆ ಎತ್ತುವುದಿಲ್ಲ ಅಂತ ಬರೆಸಿಕೊಳ್ಳಿ. ಕೀಲ್ ಕೆಳಗೆ ಕೈ ಹಾಕಿ, ಬೆರಳು ತೂರಿದರೆ ಪಟ್ಟಿ ಬಿಚ್ಚಲು ಬಿಡಬೇಡಿ. ಸ್ಟ್ಯಾಂಡ್ ಬಲ್ಕ್‌ಹೆಡ್ ಇರುವ ಕಡೆಯೇ ಒತ್ತಬೇಕು, ಒಳಗೆ ಗಟ್ಟಿ ಇಲ್ಲದ ಕಡೆ ಒತ್ತಿದರೆ ನೆಗ್ಗುವುದು ಗ್ಯಾರಂಟಿ. ಚೈನ್, ಪ್ಲೈವುಡ್ ಎರಡನ್ನೂ ಕಣ್ಣಾರೆ ನೋಡಿ. ಗಾಳಿಗೆ ಸಿಗುವ ಹಾಯಿ ಎಲ್ಲಾ ಬಿಚ್ಚಿಡಿ, ಆಗುವುದಾದರೆ ಮಾಸ್ಟ್ ಇಳಿಸಿ, ಅವರು ಬೇಡ ಅಂದರೂ ಇಳಿಸಿ. ಪೇಂಟ್ ಮಾಡುವವರು ಬಂದು ಸ್ಟ್ಯಾಂಡ್ ಸರಿಸುತ್ತಾರೆ, ಅವರ ಮೇಲೂ ಒಂದು ಕಣ್ಣಿರಲಿ. ಎಲ್ಲದರ ಫೋಟೋ ಇರಲಿ. ನನ್ನ ಹತ್ತಿರ ಬೆರಳು ತೂರಿಸಿದ ಫೋಟೋ ಇದೆ, ವಿಮೆ ಸರ್ವೇಯರ್ ಮೊದಲು ಕೇಳಿದ್ದೇ ಅದನ್ನು. ಮತ್ತೆ, ಯಾರಾದರೂ "ಮೂವತ್ತು ವರ್ಷದಿಂದ ಹೀಗೇ" ಅಂದರೆ ಅಲ್ಲಿಂದ ಹೊರಡಿ.

ಕಳೆದ ವಾರ ಯಾರ್ಡ್‌ನಿಂದ ಇಮೇಲ್ ಬಂತು. ಕ್ಷಮೆ ಇರಬಹುದು ಅಂತ ತೆರೆದೆ. ಬಿಲ್! ವಾಲಿದ ದೋಣಿಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿದ್ದಕ್ಕೆ ಹೋಯ್ಸ್ಟ್ ಚಾರ್ಜು, ಹೊಸದಾಗಿ ಹಾಕಿದ ಎರಡು ಸ್ಟ್ಯಾಂಡ್‌ಗೆ ಬಾಡಿಗೆ ಬೇರೆ. ನಾನು ಅಕ್ಟೋಬರ್‌ನಲ್ಲೇ ಕೇಳಿದ್ದ ಅವೇ ಎರಡು ಸ್ಟ್ಯಾಂಡ್. ಕಟ್ಟಿಲ್ಲ. ಕಟ್ಟುವುದೂ ಇಲ್ಲ.